ಆಶಾ ಅಕ್ಕನಿಗೆ ಬೀಗ ಹಾಕಿದ ಬಾಗಿಲು

‘ಹಳ್ಳಿಯಲ್ಲಾದರೆ ಹಳ್ಳ ದಾಟಬೇಕು, ಗುಡ್ಡ ಹತ್ತಬೇಕು. ಬೆಂಗಳೂರಿನ ನಾಗಸಂದ್ರದಂಥ ಕಡೆ ಆಶಾ ಆರೋಗ್ಯ ಕಾರ್ಯಕರ್ತೆಯ ಕೆಲಸ ಸಲೀಸು’ ಎನ್ನುವವರಿದ್ದಾರೆ. ಮೆಟ್ರೊ 2015ರಲ್ಲೇ ಬಂದಿದೆ, ದಾರಿ ಸಲೀಸೇ. ಸಿಗಬೇಕಾದವರು ಸಿಗುವುದಿಲ್ಲ, ಅಷ್ಟೆ. ಪೀಣ್ಯದ ಕಾರ್ಖಾನೆ, ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು ಬೆಳಿಗ್ಗೆಯೇ ಬೀಗ ಹಾಕಿ ಹೊರಟಿರುತ್ತಾರೆ. ರಾತ್ರಿ ಪಾಳಿಯವರು ಹಗಲು ಮಲಗಿರುತ್ತಾರೆ. ಹೋದ ತಿಂಗಳು ಹೆಸರು ಬರೆದುಕೊಂಡ ಬಸುರಿ ಈ ತಿಂಗಳು ಬೇರೆ ಏರಿಯಾದಲ್ಲಿ. ನಗರದ ಲೆಕ್ಕದಲ್ಲಿ 1,000ದಿಂದ 2,500 ಜನಕ್ಕೆ ಒಬ್ಬ ಆಶಾ. ಆ ಜನ ನಿಂತಲ್ಲಿ ನಿಂತರೆ ತಾನೆ!

‘ಸರ್ಕಾರಿ ಕೆಲಸ, ತಿಂಗಳಾದರೆ ಸಂಬಳ’ ಎಂಬುದು ಇನ್ನೊಂದು ನಂಬಿಕೆ. 2005ರಲ್ಲಿ ಆಶಾ ಯೋಜನೆ ಶುರುವಾದಾಗಿನಿಂದ ಕಾಗದದಲ್ಲಿ ಈಕೆ ಸ್ವಯಂಸೇವಕಿ. ಒಂದಿಷ್ಟು ಗೌರವಧನ ಬರುತ್ತದೆ, ಮಿಕ್ಕಿದ್ದು ಮಾಡಿದ ಕೆಲಸಕ್ಕೆ ಇಷ್ಟೆಂಬ ಪ್ರೋತ್ಸಾಹಧನ. ಇವರನ್ನು ಕಾರ್ಮಿಕರೆಂದು ಪರಿಗಣಿಸಿ ಎಂದು 2013ರಲ್ಲೇ ಭಾರತೀಯ ಕಾರ್ಮಿಕ ಸಮ್ಮೇಳನ ಶಿಫಾರಸು ಮಾಡಿತ್ತು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಗೆ ಮೈಯೊಡ್ಡಿ ಧರಣಿ ಕೂತ ಮೇಲೆ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿತು. ಭರವಸೆಯೂ ಆಶಾ ಎನ್ನುವ ಹೆಸರಿಗೆ ತಕ್ಕದ್ದೇ.

ಆಶಾ ಇಂಜೆಕ್ಷನ್ ಚುಚ್ಚುತ್ತಾರೆ ಎಂದುಕೊಂಡವರೂ ಉಂಟು. ಇಲ್ಲ, ಲಸಿಕೆ ಹಾಕುವುದು ಸಿಸ್ಟರ್. ಮಗುವನ್ನು ಅಲ್ಲಿಗೆ ಬರುವಂತೆ ಮಾಡುವುದು ಆಶಾ.

ಹಾಗಾದರೆ ಬಾಣಂತಿ ಮನೆಗೆ ಬಂದು ‘ಸುಮ್ಮನೆ ನೋಡಿಕೊಂಡು ಹೋಗುವುದು’ ಏಕೆ? ಸುಮ್ಮನೆ ಅಲ್ಲ. ಮಗುವನ್ನು ತೂಗುಜೋಲಿಯಲ್ಲಿಟ್ಟು ತೂಕ ನೋಡುತ್ತಾಳೆ, ಜ್ವರ ಅಳೆಯುತ್ತಾಳೆ, ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತಾಳೆ. 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆಸ್ಪತ್ರೆಗೆ ಹೊರಡಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28, 42ನೇ ದಿನ, ಹೀಗೆ ಆರು ಭೇಟಿ. ಆರೂ ಮುಗಿದರೆ 250 ರೂಪಾಯಿ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ತಿಂಗಳುಗಟ್ಟಲೆ ಇಲ್ಲಿ ಬಸುರಿಯ ತಪಾಸಣೆ ಬರೆಯುವ ತಾಯಿ ಕಾರ್ಡ್ ತುಂಬಿಸಿ, ಸ್ಕ್ಯಾನಿಂಗ್‌ಗೆ ಜೊತೆಗೆ ಹೋಗಿ ಬಂದ ಆಶಾಗೆ ಕೊನೆಗೆ ಕಾಣುವುದು ಬೀಗ. ಬಸುರಿ ಕಲಬುರಗಿಯ ಬಸ್ಸು ಹತ್ತಿರುತ್ತಾಳೆ. ಆ ಆರು ಭೇಟಿ, ಆ ದುಡ್ಡು ಅಲ್ಲಿನ ಆಶಾಗೆ. ಊರಿಗೆ ಹೊರಡುವ ಮುಂಚೆ ಇಲ್ಲಿನ ಆಶಾಗೆ ಒಂದು ಫೋನ್ ಮಾಡಿ, ತಾಯಿ ಕಾರ್ಡನ್ನು ಚೀಲದಲ್ಲಿಟ್ಟುಕೊಂಡರೆ ಸಾಕು, ಅಲ್ಲಿನವಳು ಮೊದಲಿಂದ ಕೇಳುತ್ತ ಕೂರಬೇಕಾಗಿಲ್ಲ.