ಕೊರಿಯಾದ ಚಲನಚಿತ್ರದಲ್ಲಿ ‘ಗುಟ್’: ತುಳುನಾಡಿನ ಪ್ರೇಕ್ಷಕನ ದೃಷ್ಟಿ

ಸಮಕಾಲೀನ ಕೊರಿಯನ್ ಚಲನಚಿತ್ರಗಳ ಕುರಿತು ಹೊರನಾಡುಗಳಲ್ಲಿ ನಡೆಯುವ ಚರ್ಚೆಯು ‘ಪ್ಯಾರಸೈಟ್’ (2019) ಚಿತ್ರದ ತರುವಾಯ ಬಹುಮಟ್ಟಿಗೆ ವರ್ಗವೈಷಮ್ಯವನ್ನೇ ಸುತ್ತಿಕೊಂಡಿದೆ. ಉಡುಪಿ, ಕಾಪು, ಕಾರ್ಕಳಗಳ ಪರಿಸರದಲ್ಲಿ ಭೂತಕೋಲವನ್ನು ಕಂಡು ಬೆಳೆದ ಪ್ರೇಕ್ಷಕನಿಗಾದರೋ ನಾ ಹಾಂಗ್-ಜಿನ್ ನಿರ್ದೇಶನದ ‘ದಿ ವೇಲಿಂಗ್’ (2016) ಹೆಚ್ಚು ಹತ್ತಿರದ್ದು. ಅದರಲ್ಲಿ ‘ಗುಟ್’ ಎಂಬ ಆಚರಣೆಯಿದೆ. ಕಾಯಿಲೆ ಬಿದ್ದ ಮಗಳಿಗಾಗಿ ಪೊಲೀಸನೊಬ್ಬನ ಮನೆಯವರು ಪಾತ್ರಿಯನ್ನು ಕರೆಸುತ್ತಾರೆ. ವಾದ್ಯಗಳ ಅಬ್ಬರದಲ್ಲಿ ಅವನು ಕುಣಿಯುತ್ತಿರುವಂತೆಯೇ, ಬೆಟ್ಟದ ಮನೆಯ ಜಪಾನೀಯನೊಬ್ಬನು ನಡೆಸುವ ಇನ್ನೊಂದು ವಿಧಿಯನ್ನೂ ಅದರೊಡನೆ ಹೆಣೆದು ತೋರಿಸಲಾಗಿದೆ. ಪೆಟ್ಟು ಬೀಳುತ್ತಿರುವುದು ಯಾರಿಗೆ ಎಂಬುದನ್ನು ಸಂಕಲನವೇ ಮರೆಸುತ್ತದೆ. ಚಿತ್ರದ ನಿಜವಾದ ಸಾಧನೆ ಇದು.

ಕೋಲದಲ್ಲಿ ಇಂತಹ ಮರೆಗೆ ಎಡೆ ಕಡಿಮೆ. ಗುತ್ತಿನವರೂ ಊರವರೂ ದೈವದ ಎದುರು ನಿಂತು ಅಹವಾಲು ಹೇಳಿಕೊಳ್ಳುತ್ತಾರೆ, ನುಡಿ ಕೇಳುತ್ತಾರೆ. ವ್ಯಾಜ್ಯಗಳೂ ಅಲ್ಲಿಯೇ ತೀರುವುದುಂಟು. ಚಿತ್ರದ ಗುಟ್ ಒಂದು ಮನೆಯವರು ಹಣ ಕೊಟ್ಟು ಮಾಡಿಸಿದ್ದು. ಮಗಳ ನರಳಾಟ ತಾಳಲಾರದೆ ತಂದೆ ಅದನ್ನು ನಡುವೆಯೇ ನಿಲ್ಲಿಸುವಾಗ ಊರ ಪರವಾಗಿ ಕೇಳುವವರಿಲ್ಲ. ಇದನ್ನೇ ಕೊರಿಯಾದ ಸಂಪ್ರದಾಯವೆಂದು ಎಣಿಸುವುದು, ‘ಕಾಂತಾರ’ (2022) ನೋಡಿ ಕೋಲವನ್ನು ಅಳೆದಷ್ಟೇ ಅವಸರದ್ದು. 2005ರಲ್ಲಿ ಯುನೆಸ್ಕೊ ಮನ್ನಣೆ ಪಡೆದ ಗಾಂಗ್‌ನುಂಗ್‌ನ ದಾನೋ ಉತ್ಸವದಲ್ಲಿ ಗುಟ್ ಇಡೀ ಊರಿನದು.