ಕರಟದ ಕರಿಯೊಳಗಣ ಸಿರಿ

ತೆಂಗಿನಕಾಯಿಯಿಲ್ಲದೆ ಕನ್ನಡಿಗರ ಅಡುಗೆ ಪೂರ್ಣವಾಗದು. ಮುಂಬಯಿಯಲ್ಲಿರಲಿ, ಚೆನ್ನೈಯಲ್ಲಿರಲಿ, ನಮ್ಮ ಗೃಹಿಣಿಯರು ಕಾಯಿಯನ್ನು ತುರಿದು ಕರಟವನ್ನು ಕಸದ ಡಬ್ಬಿಗೆ ಎಸೆಯುತ್ತಾರೆ. ಊರಿನಲ್ಲಾದರೆ ಅದು ಬಚ್ಚಲೊಲೆಗೆ ಬಿದ್ದು ಒಂದು ಹಂಡೆ ಬಿಸಿನೀರನ್ನಾದರೂ ಕೊಡುತ್ತಿತ್ತು. ಪಟ್ಟಣದ ಬಿಡಾರದಲ್ಲಿ ಆ ಭಾಗ್ಯವೂ ಅದಕ್ಕಿಲ್ಲ. ಆದರೆ ಅದೇ ಅಡುಗೆಮನೆಯ ಗೋಡೆಗೆ ತೂಗುಹಾಕಿದ ನೀರು ಸೋಸುವ ಯಂತ್ರದೊಳಗೆ ಅನೇಕ ವೇಳೆ ಕೆಲಸಮಾಡುತ್ತಿರುವುದು ಈ ಕರಟದ ಇದ್ದಿಲೇ ಎಂಬುದನ್ನು ಎಷ್ಟು ಮಂದಿ ಬಲ್ಲರು?

ಇದು ಸಾಮಾನ್ಯ ಇದ್ದಿಲಲ್ಲ, ಸಕ್ರಿಯ ಇಂಗಾಲ. ಗಾಳಿಯಾಡದಂತೆ ಸುಟ್ಟ ಕರಟದಲ್ಲಿ ತೂಕದ ಮೂರನೆಯ ಒಂದು ಪಾಲಿಗಿಂತಲೂ ಕಡಮೆ ಇದ್ದಿಲು ಉಳಿಯುತ್ತದೆ. ಅದನ್ನು 800ರಿಂದ 1000 ಡಿಗ್ರಿ ಸೆಂಟಿಗ್ರೇಡಿನ ಕಾವಿನಲ್ಲಿಟ್ಟು ನೀರಾವಿಯನ್ನು ಹಾಯಿಸಿದರೆ, ಆವಿಯು ಇಂಗಾಲದ ಒಂದಂಶವನ್ನು ಅನಿಲವಾಗಿ ಮಾರ್ಪಡಿಸಿ ಒಯ್ಯುತ್ತದೆ. ಹಿಂದೆ ಉಳಿಯುವುದು ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳು. ಹೀಗೆ ಸಿದ್ಧವಾದ ಒಂದೇ ಗ್ರಾಂ ಇದ್ದಿಲಿನ ಒಳಮೈಯನ್ನು ಹಾಸಿದರೆ ಸುಮಾರು 1000 ಚದರ ಮೀಟರು, ಎಂದರೆ ಹತ್ತು ಗುಂಟೆ ಜಮೀನಿನಷ್ಟು ಆದೀತು! ನೀರಿನ ಕ್ಲೋರಿನ್ ವಾಸನೆ, ಬಣ್ಣ, ಗಾಳಿಯ ವಿಷಾನಿಲ ಇವೆಲ್ಲ ಆ ಮೈಗೆ ಬಂದು ಅಂಟಿಕೊಳ್ಳುತ್ತವೆ. ಮರದ ಹೊಟ್ಟನ್ನು ಫಾಸ್ಫಾರಿಕ್ ಆಮ್ಲದಲ್ಲಿ ನೆನೆಸಿ, ಸುಮಾರು 500 ಡಿಗ್ರಿಯಲ್ಲಿ ಸುಟ್ಟು ತೊಳೆದು ಪಡೆದ ಇಂಗಾಲದ ರಂಧ್ರಗಳು ಇನ್ನೂ ಹಿರಿದು. ಸಕ್ಕರೆಯ ಪಾಕದ ಬಣ್ಣ ತೆಗೆಯಲು ಅದು ಒದಗುತ್ತದೆ.

ಈ ಕರಿಯ ಮಹತ್ವವನ್ನು ಲೋಕಕ್ಕೆ ತೋರಿದುದು ಯುದ್ಧ. 1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ್ ಬಳಿ ಜರ್ಮನ್ ಸೇನೆ ಕ್ಲೋರಿನ್ ಅನಿಲವನ್ನು ಹರಿಯಬಿಟ್ಟಿತು. ಅನಂತರ ಬಂದ ಮುಖವಾಡಗಳಿಗೆ ಉತ್ತಮ ಇದ್ದಿಲು ಬೇಕಾಯಿತು. 1918ರಲ್ಲಿ ಅಮೆರಿಕದ ಮನೆಮನೆಗಳಲ್ಲಿ ಜನ ಪೀಚ್ ಹಣ್ಣಿನ ಓಟೆಗಳನ್ನು ಸೈನಿಕರಿಗಾಗಿ ಕೂಡಿಟ್ಟರು. ಕಸವೇ ಆಗ ಪ್ರಾಣವಾಯುವಿನ ಕಾವಲುಗಾರನಾಯಿತು.

ತುಮಕೂರು, ತಿಪಟೂರುಗಳ ಕಡೆ ಕೊಬ್ಬರಿ ಬಿಡಿಸಿದ ಮೇಲೆ ಕರಟದ ರಾಶಿ ಉಳಿಯುತ್ತದೆ. ಕರಟವನ್ನು ಗುಂಡಿಯಲ್ಲಿ ಸುಡುವ ಹಳೆಯ ಪದ್ಧತಿಯಲ್ಲಿ ದಟ್ಟವಾದ ಹೊಗೆ ಊರನ್ನು ಕವಿಯುತ್ತದೆ; ಕೆಂಡವಾರಿಸಿದ ನೀರು ಕಪ್ಪಾಗಿ ನೆಲಕ್ಕಿಳಿಯುತ್ತದೆ. ದೂರದ ನಗರದ ನೀರು ಗಾಳಿಗಳನ್ನು ಶುದ್ಧಿಮಾಡುವ ವಸ್ತು, ತಾನು ಹುಟ್ಟಿದ ಊರಿನವುಗಳನ್ನೇ ಕೆಡಿಸಿ ಹೋಗುವುದು ನ್ಯಾಯವೆ? ಇದಕ್ಕೆ ಪರಿಹಾರವುಂಟು. ಆ ಹೊಗೆಯೂ ಉರಿಯಬಲ್ಲದು. ಮುಚ್ಚಿದ ಕುಲುಮೆಯಲ್ಲಿ ಅದನ್ನೇ ಉರುವಲಾಗಿಸಿದರೆ ಹೊಗೆಯೂ ಅಡಗೀತು, ಕಾವೂ ದೊರೆತೀತು. ಆದರೆ ಕುಲುಮೆಗೆ ಬಂಡವಾಳ ಬೇಕು; ಗುಂಡಿಗೆ ಗುದ್ದಲಿಯೊಂದೇ ಸಾಕು. ಬರಿಯ ಇದ್ದಿಲು ಮಾರುವವನ ಕೈಗೆ ಬರುವುದೂ ಅಲ್ಪವೇ; ಬೆಲೆ ಏರುವುದು ಆವಿ ಹಾಯಿಸಿದ ಮೇಲೆ. ಬೆಳೆಗಾರರು ಸಹಕಾರ ತತ್ತ್ವದಿಂದ ಒಂದುಗೂಡಿದರೆ ಮಾತ್ರ ಕುಲುಮೆ ಅವರ ಕೈಗೆಟುಕೀತು.

ವಾಚಕರಿಗೆ ಒಂದು ಎಚ್ಚರಿಕೆಯ ಮಾತು. ಇದ್ದಿಲು ನೀರಿನ ಉಪ್ಪನ್ನು ತೆಗೆಯದು; ರೋಗಾಣುಗಳ ವಿಷಯದಲ್ಲಿ ಅದೊಂದನ್ನೇ ನಂಬುವಂತೆಯೂ ಇಲ್ಲ. ರಂಧ್ರಗಳು ತುಂಬಿದ ಮೇಲೆ ಅದು ನಿರುಪಯೋಗಿ, ಕಾಲಕಾಲಕ್ಕೆ ಬದಲಿಸಲೇಬೇಕು. ಹಾಗೆ ಬದಲಿಸುವಾಗಲಾದರೂ, ಆ ಕರಿಯ ಕಾಳುಗಳ ಹಿಂದೆ ಹೊಗೆಯ ನಡುವೆ ನಿಂತು ಕರಟ ಸುಟ್ಟ ಕೈಗಳಿವೆಯೆಂಬುದನ್ನು ನೆನೆಯೋಣ.