ದೂರದ ಗೋದಾಮಿಗೆ ಖಾರದ ಪುಡಿ



ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ ಹೇರಿಕೊಂಡು ಹೋಗುವುದು ನಿಮಗೆ ಹೊಸದಲ್ಲ. ದಲಾಲಿ ಅಂಗಡಿಯ ಮುಂದೆ ಚೀಲ ಇಳಿಸುತ್ತೀರಿ. ಖರೀದಿದಾರ ಬಂದು ಕಾಯಿ ಹಿಡಿದು, ಮುರಿದು, ಬಣ್ಣ ನೋಡಿ ದರ ಹಾಕುತ್ತಾನೆ. ತೂಕವಾಗುತ್ತದೆ, ಪಟ್ಟಿ ಕೈಗೆ ಬರುತ್ತದೆ. ದರ ಮನಸ್ಸಿಗೆ ಬರಲಿಲ್ಲವೆಂದರೆ ಚೀಲ ಅಲ್ಲೇ ಇರುತ್ತದೆ. ಅದು ನಿಮ್ಮ ಕಣ್ಣೆದುರಿಗೇ ಇರುತ್ತದೆ, ಮಾರಾಟವಾಗುವ ತನಕ ನಿಮ್ಮದೇ.

ಈಚೆಗೆ ಅನೇಕ ಸಂಘಗಳೂ ರೈತ ಉತ್ಪಾದಕ ಕಂಪನಿಗಳೂ ಕಾಯಿ ಮಾರುವುದರ ಜೊತೆಗೆ ಪುಡಿ ಮಾಡಿ, ಪೊಟ್ಟಣ ಕಟ್ಟಿ, ಆನ್‌ಲೈನ್ ಪೇಟೆಯಲ್ಲಿ ಮಾರಲು ಹೊರಟಿವೆ. ಒಳ್ಳೆಯ ಮಾತು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಕೀರ್ತಿ ಅದಕ್ಕೆ ಮೊದಲೇ ಇತ್ತು. ಆದರೆ ಈ ಹೊಸ ಪೇಟೆಯಲ್ಲಿ ಒಂದು ಪದ್ಧತಿ ಇದೆ. ಅದನ್ನು ಸರಿಯಾಗಿ ತಿಳಿಯದೆ ಕೈ ಹಾಕಿದರೆ ಸಂಘದ ಸಾಲದ ದುಡ್ಡೇ ಗೋದಾಮಿನಲ್ಲಿ ಕೂತುಬಿಡುತ್ತದೆ. ಇವತ್ತಿನ ಮಾತು ಅದರದು.

ಆನ್‌ಲೈನ್‌ನಲ್ಲಿ ಎರಡು ರೀತಿ ಮಾರಬಹುದು. ಗಿರಾಕಿ ಆರ್ಡರು ಕೊಟ್ಟ ಮೇಲೆ ನೀವೇ ಪೊಟ್ಟಣ ಕಟ್ಟಿ ಕೊರಿಯರಿಗೆ ಕೊಡುವುದು ಒಂದು ರೀತಿ. ಇನ್ನೊಂದು, ಆರ್ಡರು ಬರುವ ಮೊದಲೇ ನೂರು ಇನ್ನೂರು ಪೊಟ್ಟಣಗಳನ್ನು ಅಮೆಜಾನ್, ಫ್ಲಿಪ್‌ಕಾರ್ಟಿನಂಥ ಕಂಪನಿಯ ಗೋದಾಮಿಗೆ ಕಳಿಸಿ ಇಡುವುದು. ಗಿರಾಕಿ ಕೇಳಿದೊಡನೆ ಅಲ್ಲಿನ ಕೆಲಸಗಾರರೇ ತೆಗೆದು, ಪೆಟ್ಟಿಗೆಗೆ ಹಾಕಿ, ಮನೆಗೆ ಮುಟ್ಟಿಸುತ್ತಾರೆ. ಸಾಮಾನು ಬೇಗ ಮುಟ್ಟುತ್ತದೆ, ಗಿರಾಕಿಗೆ ನಂಬಿಕೆ ಹೆಚ್ಚುತ್ತದೆ, ನಿಮಗೆ ದಿನಾ ಕೊರಿಯರ್ ಅಂಗಡಿಗೆ ಓಡುವ ಕೆಲಸ ತಪ್ಪುತ್ತದೆ. ಇಷ್ಟು ಅನುಕೂಲ ಇರುವುದು ನಿಜ.

ಆದರೆ ಗಮನಿಸಿ. ಗೋದಾಮಿಗೆ ಮಾಲು ಕಳಿಸಿದರೆ ಮಾಲು ಮಾರಿದಂತಲ್ಲ. ಕಂಪನಿ ನಿಮ್ಮಿಂದ ಏನನ್ನೂ ಕೊಂಡಿಲ್ಲ, ಜಾಗ ಕೊಟ್ಟಿದೆ ಅಷ್ಟೆ. ಪುಡಿ ಹಳತಾದರೆ ನಷ್ಟ ನಿಮ್ಮದು. ಜಾಗಕ್ಕೆ ಘನ ಅಡಿಯ ಲೆಕ್ಕದಲ್ಲಿ ತಿಂಗಳು ತಿಂಗಳು ಬಾಡಿಗೆ ಓಡುತ್ತದೆ. ಬಹಳ ದಿನ ಕೂತ ಮಾಲಿಗೆ ಬಾಡಿಗೆ ಇನ್ನೂ ಏರುತ್ತದೆ. ಗೋದಾಮಿನಿಂದ ತಿರುಗಿ ತರಿಸಿಕೊಳ್ಳಬೇಕೆಂದರೂ ಪೊಟ್ಟಣಕ್ಕೆ ಇಷ್ಟು ಎಂದು ಶುಲ್ಕ ಕೊಡಬೇಕು.

ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಅಂಕಿ ನೀವು ಹಾಕಿಕೊಳ್ಳಿ. ಒಂದು ಪೊಟ್ಟಣ ಪುಡಿಯ ಮಾರಾಟದ ಬೆಲೆ ತೆರಿಗೆ ಸೇರಿ 200 ರೂಪಾಯಿ ಎಂದು ಹಿಡಿಯಿರಿ. ತೆರಿಗೆಗೆ ಸುಮಾರು 10 ಹೋಯಿತು. ಕಂಪನಿಯ ಕಮಿಷನ್, ತೆಗೆದು ಕಟ್ಟುವ ಕೂಲಿ, ಸಾಗಣೆ, ಬಾಡಿಗೆ ಎಲ್ಲ ಕೂಡಿ 80 ಎನ್ನಿ. ಉಳಿದದ್ದು 110. ಕಾಯಿ, ತೊಟ್ಟು ಬಿಡಿಸಿದ ಕೂಲಿ, ಗಿರಣಿ, ಪೊಟ್ಟಣ, ಗೋದಾಮಿನ ತನಕದ ಲಾರಿ ಬಾಡಿಗೆ ಸೇರಿ ನಿಮಗೆ ಬಿದ್ದ ಖರ್ಚು 85. ಲಾಭ 25 ರೂಪಾಯಿ. ಪರವಾಗಿಲ್ಲ ಅನ್ನುತ್ತೀರಿ. ಈಗ 140 ಪೊಟ್ಟಣ ಕಳಿಸಿದಿರಿ, 100 ಮಾರಿದವು, 40 ಉಳಿದು ಅವಧಿ ಮುಗಿಯಿತು. ನೂರರ ಮೇಲೆ ಬಂದ ಲಾಭ 2500. ನಲವತ್ತರ ಮೇಲೆ ಹೋದ ಖರ್ಚು 3400. ನೂರು ಪೊಟ್ಟಣ ಮಾರಿಯೂ ಸಂಘಕ್ಕೆ 900 ರೂಪಾಯಿ ಕೈಯಿಂದ ಹೋಯಿತು. ಉಳಿದ ಪೊಟ್ಟಣ ತೆಗೆಸುವ ಶುಲ್ಕ ಇದರಲ್ಲಿ ಸೇರಿಲ್ಲ!

ಆದ್ದರಿಂದ ಮೊದಲ ಸಲ ಸ್ವಲ್ಪವೇ ಕಳಿಸಿ. ಎರಡು ಮೂರು ತಿಂಗಳು ನಿಮ್ಮ ಮನೆಯಿಂದಲೇ ಆರ್ಡರು ಕಳಿಸಿ, ವಾರಕ್ಕೆ ಎಷ್ಟು ಹೋಗುತ್ತದೆಂದು ನೋಡಿ. ವಾರಕ್ಕೆ ಹತ್ತು ಹೋಗುತ್ತಿದ್ದರೆ ನಲವತ್ತೈವತ್ತು ಕಳಿಸಿ. ಲಾರಿ ಬಾಡಿಗೆ ಉಳಿಯುತ್ತದೆಂದು ಒಮ್ಮೆಲೇ ಐನೂರು ತುಂಬುವವರಿದ್ದಾರೆ. ಬಾಡಿಗೆಯಲ್ಲಿ ಉಳಿಸಿದ್ದನ್ನು ಹಳಸಿದ ಪುಡಿಯಲ್ಲಿ ಕಳೆಯುವ ಲೆಕ್ಕ ಅದು.

ಇನ್ನು ದಿನಾಂಕದ ಮಾತು. ಆನ್‌ಲೈನ್‌ನಲ್ಲಿ ಮಾರುವ ಆಹಾರ ಗಿರಾಕಿಯ ಕೈ ಸೇರುವಾಗ ಅದರ ಬಾಳಿಕೆಯ ಅವಧಿಯಲ್ಲಿ ನೂರಕ್ಕೆ 30 ಭಾಗ ಇಲ್ಲವೆ 45 ದಿನ ಉಳಿದಿರಬೇಕೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಈ ಕಂಪನಿಗಳಿಗೆ ಸೂಚಿಸಿತು. ಪೊಟ್ಟಣದ ಮೇಲೆ ಆರು ತಿಂಗಳು ಎಂದು ಬರೆದಿದ್ದೀರಿ ಎನ್ನಿ. ಪುಡಿ ಮಾಡಿ ಒಂದೂವರೆ ತಿಂಗಳು ನಿಮ್ಮ ಕಪಾಟಿನಲ್ಲೇ ಇಟ್ಟಿರಿ. ಕೊನೆಯ ಒಂದೂವರೆ ತಿಂಗಳಿಗೂ ಮೇಲೆ ಮಾರಲು ಬರುವುದಿಲ್ಲ. ಗೋದಾಮಿಗೆ ಉಳಿದದ್ದು ಮೂರು ತಿಂಗಳೂ ಅಲ್ಲ. ಅದಕ್ಕೇ ಹೇಳುವುದು, ಕಾಯಿಯನ್ನು ಕಾಯಿಯಾಗಿ ಒಣಗಿದ ಜಾಗದಲ್ಲಿ ಇಡಿ. ಗೋದಾಮಿಗೆ ಕಳಿಸುವ ವಾರವೇ ಪುಡಿ ಮಾಡಿಸಿ. ಒಂದು ದಿನಾಂಕದ ಪೊಟ್ಟಣ ಒಂದು ಪೆಟ್ಟಿಗೆಯಲ್ಲಿ, ಬೇರೆ ದಿನಾಂಕದ್ದು ಬೇರೆ ಪೆಟ್ಟಿಗೆಯಲ್ಲಿ ಇರಲಿ. ಬಾಳಿಕೆ ಎಷ್ಟು ತಿಂಗಳು ಎಂಬುದನ್ನು ಅಂದಾಜಿನಲ್ಲಿ ಬರೆಯಬೇಡಿ. ಮೈಸೂರಿನ ಸಿ.ಎಫ್.ಟಿ.ಆರ್.ಐ.ಯಂಥ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ ಬರೆಯಿರಿ. ಪುಡಿಯಲ್ಲಿ ತೇವ ನೂರಕ್ಕೆ 11ನ್ನು ಮೀರಬಾರದು ಎಂಬುದು ನಮ್ಮ ದೇಶದ ಕಾನೂನು. ತೇವ ಉಳಿದರೆ ಬೂಷ್ಟು, ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ. ಕಣದಲ್ಲಿ ಬರಿ ನೆಲದ ಮೇಲೆ ಹರಡಿ ಇಬ್ಬನಿಗೆ ಬಿಟ್ಟ ಕಾಯಿಯ ದೋಷ ದೂರದ ಗೋದಾಮಿನಲ್ಲಿ ಹೊರಬೀಳುತ್ತದೆ. ತಾಡಪಾಲಿನ ಮೇಲೆ ಒಣಗಿಸಿ, ರಾತ್ರಿ ಮುಚ್ಚಿ.

ಪೊಟ್ಟಣದ ಮೇಲಿನ ಚೀಟಿ ಸಣ್ಣ ವಿಷಯವೆಂದು ತೋರುತ್ತದೆ, ಹೆಚ್ಚು ಮಾಲು ತಡೆದುಕೊಳ್ಳುವುದೇ ಅಲ್ಲಿ. ಗೋದಾಮಿನಲ್ಲಿ ಲಕ್ಷಾಂತರ ಸಾಮಾನು ಇರುತ್ತದೆ, ನಿಮ್ಮ ಊರು ಹೆಸರು ಅಲ್ಲಿ ಯಾರಿಗೂ ತಿಳಿಯದು. ಯಂತ್ರಕ್ಕೆ ತಿಳಿಯುವುದು ಬಾರ್‌ಕೋಡಿನ ಗೆರೆ ಒಂದೇ. ನಿಮ್ಮ ಖಾತೆಗೆಂದೇ ಕೊಟ್ಟ ಗೆರೆಚೀಟಿಯನ್ನು ಪ್ರತಿ ಪೊಟ್ಟಣಕ್ಕೂ ಹಚ್ಚಿ. ಮಡಿಕೆಯ ಮೇಲೆ, ಮೂಲೆಯ ಮೇಲೆ ಹಚ್ಚಿದರೆ ಯಂತ್ರ ಓದುವುದಿಲ್ಲ. ಸಮನಾದ ಜಾಗದಲ್ಲಿ ಹಚ್ಚಿ, ಪೊಟ್ಟಣದ ಮೇಲೆ ಬೇರೆ ಗೆರೆಗಳಿದ್ದರೆ ಅವು ಕಾಣದಂತೆ ಮುಚ್ಚಿ. ದಿನಾಂಕದ ಮೇಲೆ ಮಾತ್ರ ಏನನ್ನೂ ಹಚ್ಚಬೇಡಿ. ಖಾರದ ಪುಡಿ ಸೋರಿ ಪಕ್ಕದವರ ಸಾಮಾನಿಗೆ ಮೆತ್ತಿಕೊಂಡರೆ ನಿಮ್ಮದನ್ನು ಹೊರಗೆ ಹಾಕುತ್ತಾರೆ, ಆದ್ದರಿಂದ ಹೊರಗೊಂದು ಪ್ಲಾಸ್ಟಿಕ್ ಚೀಲ ಇರಲಿ. ಆ ಚೀಲದ ಬಾಯಿ ಐದು ಇಂಚು ಅಥವಾ ಹೆಚ್ಚಿದ್ದರೆ, ಮಕ್ಕಳು ತಲೆಗೆ ಹಾಕಿಕೊಂಡು ಉಸಿರು ಕಟ್ಟೀತು ಎಂಬ ಎಚ್ಚರಿಕೆ ಅದರ ಮೇಲೆ ಅಚ್ಚಾಗಿರಬೇಕೆಂದು ಅಮೆಜಾನಿನ ನಿಯಮ.

ಪೆಟ್ಟಿಗೆ ಮುಚ್ಚುವ ಮೊದಲು ಎಣಿಸಿ, ಫೋಟೋ ತೆಗೆದಿಡಿ, ತೂಕ ಬರೆದಿಡಿ. ನೀವು 48 ಕಳಿಸಿದಿರಿ, ಅಲ್ಲಿ 46 ಎಂದು ಬರೆದರು ಅನ್ನಿ. ಫೋಟೋ, ಚಲನ್, ಲಾರಿ ರಸೀದಿ ಇದ್ದರೆ ಕೇಳಲು ಬಾಯಿ ಇರುತ್ತದೆ, ಇಲ್ಲದಿದ್ದರೆ ಇಲ್ಲ. ಲಾರಿಯಲ್ಲಿ ಕಳಿಸುವಾಗ ಗೋದಾಮಿನಿಂದ ದಿನ, ಹೊತ್ತು ಗೊತ್ತುಮಾಡಿಕೊಂಡೇ ಹೊರಡಬೇಕು. ಬೆಳಿಗ್ಗೆ ಹೋಗಿ ಸಾಲಿನಲ್ಲಿ ನಿಂತರಾಯಿತು ಎನ್ನಲು ಅದು ಸಂತೆಯಲ್ಲ.

ತೆರಿಗೆಯ ವಿಷಯ ಒಣ ವಿಷಯ, ಚುಟುಕಾಗಿ ಹೇಳುತ್ತೇನೆ. ಸಣ್ಣ ವ್ಯಾಪಾರಿ ರಾಜ್ಯದೊಳಗೇ ಆನ್‌ಲೈನ್‌ನಲ್ಲಿ ಮಾರುವುದಾದರೆ ಜಿ.ಎಸ್.ಟಿ. ನೋಂದಣಿಯಿಂದ ರಿಯಾಯಿತಿ 2023ರ ಅಕ್ಟೋಬರ್ 1ರಿಂದ ಇದೆ. ಹೊರ ರಾಜ್ಯದ ಗಿರಾಕಿಗೂ ಮಾರುವುದಾದರೆ ನೋಂದಣಿ ಬೇಕೇ ಬೇಕು. ಬೆಂಗಳೂರಿನ ಸುತ್ತಲಿನ ಗೋದಾಮಿನಲ್ಲಿ ಮಾಲು ಇಡುವುದಾದರೆ ಆ ಗೋದಾಮಿನ ವಿಳಾಸವನ್ನು ನಿಮ್ಮ ನೋಂದಣಿಯಲ್ಲಿ ಹೆಚ್ಚಿನ ವ್ಯಾಪಾರ ಸ್ಥಳವೆಂದು ಸೇರಿಸಬೇಕು. ಮಹಾರಾಷ್ಟ್ರದ ಭಿವಂಡಿಯ ಗೋದಾಮಿನಲ್ಲಿ ಇಡುವುದಾದರೆ ಆ ರಾಜ್ಯದಲ್ಲೇ ಬೇರೆ ನೋಂದಣಿ, ಬೇರೆ ಲೆಕ್ಕ. ಮೊದಲ ವರ್ಷ ಕರ್ನಾಟಕ ಬಿಟ್ಟು ಹೋಗಬೇಡಿ ಎಂಬುದು ನನ್ನ ಅಭಿಪ್ರಾಯ. ಕಂಪನಿಯು ನಿಮಗೆ ಕೊಡುವ ಹಣದಲ್ಲಿ ಸ್ವಲ್ಪ ತೆರಿಗೆ ಹಿಡಿದು ಕೊಡುತ್ತದೆ. ಜಿ.ಎಸ್.ಟಿ.ಯ ಈ ಹಿಡಿತ 2024ರ ಜುಲೈ 10ರಿಂದ ನೂರಕ್ಕೆ ಅರ್ಧ ರೂಪಾಯಿಗೆ ಇಳಿದಿದೆ. ಅದು ಕಳೆದುಹೋದ ದುಡ್ಡಲ್ಲ, ಲೆಕ್ಕ ಸಲ್ಲಿಸಿದಾಗ ನಿಮ್ಮ ಖಾತೆಗೆ ಜಮೆಯಾಗುತ್ತದೆ.

ಇಷ್ಟು ಕೇಳಿದ ಮೇಲೆ ಕೆಲವರು, ‘ಸ್ವಾಮಿ, ಅಮೆರಿಕದಲ್ಲಿ ನಮ್ಮವರು ಬಹಳ ಮಂದಿ ಇದ್ದಾರೆ, ಊರಿನ ಖಾರಪುಡಿ ಅಂದರೆ ಆಸೆಪಡುತ್ತಾರೆ, ಅಲ್ಲಿನ ಗೋದಾಮಿಗೇ ಕಳಿಸಿದರೆ ಹೇಗೆ?’ ಎಂದು ಕೇಳುತ್ತಾರೆ. ಕಳಿಸಬಹುದು. ಆದರೆ ಅದು ಒಂದು ಸಂಘದ ಕೆಲಸವಲ್ಲ, ಹತ್ತು ಸಂಘ ಕೂಡಿದ ಕಂಪನಿಯ ಕೆಲಸ.

ಮೊದಲು ಈ ಕಡೆಯ ಕಾಗದ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಆಮದು ರಫ್ತು ಸಂಕೇತ ಸಂಖ್ಯೆ, ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಇರುವ ಮಸಾಲೆ ಮಂಡಳಿಯಲ್ಲಿ ರಫ್ತುದಾರರ ನೋಂದಣಿ. ಆಮೇಲೆ ಆ ಕಡೆಯದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯಲ್ಲಿ ನಿಮ್ಮ ಪುಡಿ ತಯಾರಾಗುವ ಜಾಗದ ನೋಂದಣಿ ಆಗಿರಬೇಕು. ಅದನ್ನು ಸರಿಸಂಖ್ಯೆಯ ವರ್ಷಗಳಲ್ಲಿ ಅಕ್ಟೋಬರಿನಿಂದ ಡಿಸೆಂಬರ್ ಮುಗಿಯುವುದರೊಳಗೆ ನವೀಕರಿಸಬೇಕು. ಅಲ್ಲಿ ವಾಸವಾಗಿರುವ ಒಬ್ಬ ಪ್ರತಿನಿಧಿ ಬೇಕು. ಪ್ರತಿ ಸಲ ಮಾಲು ಹೊರಡುವಾಗ ಅದು ಮುಟ್ಟುವ ಮೊದಲೇ ಸೂಚನೆ ಕಳಿಸಬೇಕು. ಪೊಟ್ಟಣದ ಮೇಲೆ ತೂಕವನ್ನು ಗ್ರಾಮಿನಲ್ಲೂ ಔನ್ಸಿನಲ್ಲೂ ಬರೆಯಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಆಮದುದಾರ ಯಾರು ಎಂಬ ಪ್ರಶ್ನೆ. ಸುಂಕ ಕಟ್ಟುವವರು, ಸರಕಾರಕ್ಕೆ ಉತ್ತರ ಹೇಳುವವರು ಒಬ್ಬರು ಇರಲೇಬೇಕು. ಅಮೆಜಾನ್ ಆ ಹೊಣೆ ಹೊರುವುದಿಲ್ಲ. ಪೆಟ್ಟಿಗೆಯ ಮೇಲೆ ಗೋದಾಮಿನ ವಿಳಾಸ ಬರೆದು ಕಳಿಸಿಬಿಟ್ಟರೆ ಮಾಲು ಬಂದರಿನಲ್ಲೇ ನಿಲ್ಲುತ್ತದೆ, ಅಲ್ಲಿನ ಬಾಡಿಗೆ ನಿಮ್ಮ ತಲೆಗೆ ಬರುತ್ತದೆ. 2011ರಲ್ಲಿ ಅಲ್ಲಿ ಬಂದ ಆಹಾರ ಸುರಕ್ಷತಾ ಕಾನೂನಿನ ಪ್ರಕಾರ, ಪರದೇಶದ ತಯಾರಕರ ಆಹಾರ ಶುದ್ಧವೇ ಎಂದು ಪರಿಶೀಲಿಸುವ ಹೊಣೆಯೂ ಆಮದುದಾರರದು. ಆ ಹೊಣೆ ಹೊರುವವರು ಸಿಕ್ಕದೆ ಒಂದು ಕಿಲೊ ಸಹ ಕಳಿಸಬೇಡಿ.

800 ಡಾಲರಿನ ಒಳಗಿನ ಪಾರ್ಸಲಿಗೆ ಸುಂಕವಿಲ್ಲ ಎಂದು ಹಿಂದೆ ಕೇಳಿದ್ದು ಕೆಲವರ ಮನಸ್ಸಿನಲ್ಲಿ ಇನ್ನೂ ಇದೆ. ಆ ರಿಯಾಯಿತಿಯನ್ನು ಅಮೆರಿಕವು 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ನಿಲ್ಲಿಸಿತು. ಆ ಸಮಯದಲ್ಲಿ ನಮ್ಮ ಅಂಚೆ ಇಲಾಖೆಯೂ ಕೆಲವು ವಾರ ಅಲ್ಲಿಗೆ ಪಾರ್ಸಲು ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಅಕ್ಟೋಬರಿನಲ್ಲಿ ಮತ್ತೆ ಆರಂಭಿಸಿತು. ಸುಂಕದ ದರ ಆಗಾಗ ಬದಲಾಗುತ್ತದೆ, ಮಾಲು ಹೊರಡುವ ವಾರ ಕೇಳಿದ ದರವೇ ದರ.

ವಿಮಾನದಲ್ಲೋ ಹಡಗಿನಲ್ಲೋ? ವಿಮಾನದ ಕೊರಿಯರಿನವರು ತಕ್ಕಡಿಯ ತೂಕವನ್ನಷ್ಟೇ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. 60, 40, 40ರ ಪೆಟ್ಟಿಗೆಗೆ 19.2 ಕಿಲೊ ಬರುತ್ತದೆ. ಇದರಲ್ಲಿ ಇಡೀ ಮೆಣಸಿನಕಾಯಿ ತುಂಬಿದರೆ ಎಂಟು ಕಿಲೊ ಹಿಡಿದೀತು, ಬಾಡಿಗೆ ಮಾತ್ರ ಹತ್ತೊಂಬತ್ತು ಕಿಲೊದ್ದು! ಅರ್ಧಕ್ಕಿಂತ ಹೆಚ್ಚು ದುಡ್ಡು ಗಾಳಿಗೆ ಕೊಟ್ಟಂತಾಯಿತು. ಪುಡಿಯಾದರೆ ಈ ಲೆಕ್ಕದಲ್ಲಿ ಬಚಾವು. ಆದರೆ ಪೆಟ್ಟಿಗೆ 50 ಪೌಂಡು, ಅಂದರೆ ಸುಮಾರು 22.7 ಕಿಲೊ ಮೀರಬಾರದೆಂದು ಅಮೆರಿಕದ ಅಮೆಜಾನ್ ಗೋದಾಮಿನ ನಿಯಮವಿದೆ, ಅದನ್ನು ನೋಡಿ ತುಂಬಿ. ಹಡಗು ಅಗ್ಗ, ಆದರೆ ನಿಧಾನ. 2023ರ ಕೊನೆಗೆ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಬಹಳ ಹಡಗುಗಳು ಆಫ್ರಿಕಾ ಖಂಡವನ್ನೇ ಸುತ್ತಿ ಹೋದವು, ಹತ್ತು ಹದಿನೈದು ದಿನ ಹೆಚ್ಚಾಯಿತು. ಆರು ತಿಂಗಳ ಬಾಳಿಕೆಯ ಪುಡಿಗೆ ಸಮುದ್ರದಲ್ಲೇ ಎರಡು ತಿಂಗಳು ಹೋದರೆ ಆಮೇಲೆ ಮಾರಲು ಎಷ್ಟು ದಿನ ಉಳಿಯಿತು, ನೀವೇ ಎಣಿಸಿ. ಕಟ್ಟಿಗೆಯ ಅಟ್ಟಣೆಯ ಮೇಲೆ ಪೆಟ್ಟಿಗೆ ಹೇರುವುದಾದರೆ ಆ ಕಟ್ಟಿಗೆಯ ಒಡಲು 56 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ 30 ನಿಮಿಷ ಕಾದು ಅಂತರರಾಷ್ಟ್ರೀಯ ಮುದ್ರೆ ಬಿದ್ದಿರಬೇಕು, ಹುಳು ದೇಶ ದಾಟಬಾರದೆಂದು.

ಪರೀಕ್ಷೆಯಿಲ್ಲದೆ ಪರದೇಶಕ್ಕೆ ಪುಡಿ ಕಳಿಸುವ ಧೈರ್ಯ ಮಾಡಬೇಡಿ. ಅಫ್ಲಾಟಾಕ್ಸಿನಿಗೆ ಅಮೆರಿಕದಲ್ಲಿ ನೂರು ಕೋಟಿಯಲ್ಲಿ 20 ಭಾಗ ಮಿತಿ. ಯುರೋಪಿನ ದೇಶಗಳಲ್ಲಿ ಮೆಣಸಿನಕಾಯಿಗೆ 10. ಬಣ್ಣ ಬೆರೆಸಿದ ಪುಡಿಯನ್ನಂತೂ 2003ರಿಂದಲೇ ಯುರೋಪಿನಲ್ಲಿ ಹುಡುಕಿ ಹಿಡಿಯುತ್ತಿದ್ದಾರೆ. 2024ರಲ್ಲಿ ಹಾಂಗ್‌ಕಾಂಗ್, ಸಿಂಗಪುರಗಳಲ್ಲಿ ಭಾರತದ ಕೆಲವು ಮಸಾಲೆ ಪುಡಿಗಳ ಮಾರಾಟ ನಿಲ್ಲಿಸಿದ್ದು ಎಥಿಲೀನ್ ಆಕ್ಸೈಡ್ ಎಂಬ ರಾಸಾಯನಿಕದ ಕಾರಣಕ್ಕೆ. ಮಸಾಲೆ ಮಂಡಳಿಗೆ ಗುಂಟೂರು, ಮುಂಬಯಿ ಮುಂತಾದ ಕಡೆ ಪ್ರಯೋಗಾಲಯಗಳಿವೆ. ಒಂದು ರಾಶಿಗೆ ಒಂದು ಪರೀಕ್ಷೆ, ಆ ರಾಶಿಯ ಸಂಖ್ಯೆ ಪೊಟ್ಟಣದ ಮೇಲೆ. ಒಂದು ಮನೆಯ ಕಾಯಿ ಕೆಟ್ಟಿದ್ದರೆ ಹತ್ತು ಮನೆಯ ಮಾಲು ಸುಡಬೇಕಾಗದಂತೆ ರಾಶಿಗಳನ್ನು ಬೆರೆಸದೆ ಇಡಿ.

ಮಾರದೆ ಉಳಿದದ್ದನ್ನು ಏನು ಮಾಡುವುದೆಂದು ಕಳಿಸುವ ಮೊದಲೇ ಸಂಘದ ಸಭೆಯಲ್ಲಿ ಗೊತ್ತುಮಾಡಿ ಪುಸ್ತಕದಲ್ಲಿ ಬರೆಯಿರಿ. ಕರ್ನಾಟಕದ ಗೋದಾಮಿನಿಂದಾದರೆ ಅವಧಿ ಮುಗಿಯಲು ಮೂರು ತಿಂಗಳಿರುವಾಗಲೇ ತಿರುಗಿ ತರಿಸಿ, ಹತ್ತಿರದ ಅಂಗಡಿಗೆ, ಖಾನಾವಳಿಗೆ ಕಡಿಮೆ ದರಕ್ಕೆ ಕೊಟ್ಟುಬಿಡಬಹುದು. ಅಮೆರಿಕದಿಂದ ತಿರುಗಿ ತರಿಸುವ ಖರ್ಚು ಪುಡಿಯ ಬೆಲೆಗಿಂತ ಹೆಚ್ಚಾಗುತ್ತದೆ. ಅಲ್ಲಿ ದರ ಇಳಿಸಿ ಮಾರಬೇಕು, ಇಲ್ಲವೆ ಶುಲ್ಕ ಕೊಟ್ಟು ನಾಶಮಾಡಿಸಬೇಕು. ಆ ನಷ್ಟವನ್ನು ಯಾರು ಯಾರು ಎಷ್ಟೆಷ್ಟು ಹೊರುವುದೆಂದು ಸದಸ್ಯರೆಲ್ಲರ ಸಹಿ ಬಿದ್ದ ಮೇಲೆ ಮೊದಲ ಪೆಟ್ಟಿಗೆ ಕಟ್ಟಿರಿ.